ಚಟ್ನಿಪುಡಿಯ ಹೆಸರಿಗೊಂದು ಟ್ರೇಡ್‌ಮಾರ್ಕ್: ಹುಡುಕಾಟದಿಂದ ಸರ್ಟಿಫಿಕೇಟ್‌ವರೆಗೆ

ಜಿಎಸ್‌ಟಿ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ನೋಡಿ. ಮೇಲೆ ಲೀಗಲ್ ನೇಮ್, ಕೆಳಗೆ ಟ್ರೇಡ್ ನೇಮ್. ಮೊದಲನೆಯದನ್ನು ಪೋರ್ಟಲ್ ಪ್ಯಾನ್ ಜೊತೆ ತಾಳೆ ನೋಡಿ ಒಪ್ಪಿಕೊಂಡಿರುತ್ತದೆ. ಎರಡನೆಯದನ್ನು ಯಾರೂ ತಾಳೆ ನೋಡಿಲ್ಲ, ನೀವು ಟೈಪ್ ಮಾಡಿದ್ದೇ ಅಚ್ಚಾಗಿದೆ. ನಾಳೆ ಪಕ್ಕದ ಬೀದಿಯವರು ಅದೇ ಹೆಸರು ಬರೆಸಿದರೂ ಅವರಿಗೂ ಅಚ್ಚಾಗಿ ಬರುತ್ತದೆ. ಸರ್ಕಾರದ ಮುದ್ರೆ ಇರುವ ಕಾಗದದಲ್ಲಿ ಹೆಸರು ಬಂತು, ಇನ್ನು ಅದು ನಮ್ಮದೇ ಎಂದು ನಂಬಿ ವರ್ಷಗಟ್ಟಲೆ ವ್ಯಾಪಾರ ಮಾಡಿದವರು ಎಷ್ಟೋ ಜನ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ, ಅಂಗಡಿ ಕಾಯ್ದೆಯ ನೋಂದಣಿ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರು, ಇವುಗಳ ಕಥೆಯೂ ಅಷ್ಟೇ. ಇವೆಲ್ಲ ವ್ಯಾಪಾರ ನಡೆಸಲು ಬೇಕಾದ ಕಾಗದಗಳು. ಹೆಸರಿನ ಒಡೆತನವನ್ನು ಇವು ಕೊಡುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯಡಿ ಫರ್ಮ್ ನೋಂದಾಯಿಸಿದರೂ, ಕಂಪನಿ ಮಾಡಿಕೊಂಡರೂ, ಪೊಟ್ಟಣದ ಮೇಲಿನ ಹೆಸರನ್ನು ಬೇರೆಯವರು ಬಳಸದಂತೆ ತಡೆಯುವ ಬಲ ಅದರಿಂದ ಬರುವುದಿಲ್ಲ. ಕಂಪನಿಯ ಹೆಸರು ತಮ್ಮ ನೋಂದಾಯಿತ ಟ್ರೇಡ್‌ಮಾರ್ಕ್‌ಗೆ ಹೋಲುತ್ತದೆ ಎಂದು ಇನ್ನೊಬ್ಬರು ಮೂರು ವರ್ಷದೊಳಗೆ ದೂರು ಕೊಟ್ಟರೆ ಕಂಪನಿಯೇ ಹೆಸರು ಬದಲಾಯಿಸಬೇಕಾಗಿ ಬರಬಹುದು.

ಆ ಬಲ ಬರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಿಂದ. ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಈಗ ನಡೆಯುತ್ತಿರುವ ವಿಧಾನ, ಫಾರಂ, ಶುಲ್ಕಗಳೆಲ್ಲ 2017ರ ನಿಯಮಗಳ ಪ್ರಕಾರ. ದೇಶದಲ್ಲಿ ಐದು ರಿಜಿಸ್ಟ್ರಿ ಕಚೇರಿಗಳಿವೆ: ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಚೆನ್ನೈ. ಕರ್ನಾಟಕದಲ್ಲಿ ವ್ಯಾಪಾರ ಮಾಡುವವರ ಅರ್ಜಿ ಚೆನ್ನೈಗೆ, ಗಿಂಡಿಯಲ್ಲಿರುವ ಕಚೇರಿಗೆ ಸೇರುತ್ತದೆ. ಹಾಗೆಂದು ಯಾರೂ ಚೆನ್ನೈಗೆ ಹೋಗಬೇಕಿಲ್ಲ, ಅರ್ಜಿಯಿಂದ ವಿಚಾರಣೆಯವರೆಗೆ ಎಲ್ಲವೂ ಆನ್‌ಲೈನ್.

ಮನೆಯಲ್ಲಿ ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಮಾವಿನ ಉಪ್ಪಿನಕಾಯಿ ಮಾಡಿ ಪೊಟ್ಟಣ ಕಟ್ಟಿ ಮಾರುವ ಒಂದು ಕುಟುಂಬ ಇದೆ ಎಂದಿಟ್ಟುಕೊಳ್ಳೋಣ. ಇಟ್ಟ ಹೆಸರು ‘ಒರಳು’. ಇದೇ ಉದಾಹರಣೆಯನ್ನು ಹಿಡಿದುಕೊಂಡು ಹೋದರೆ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದು ತಿಳಿಯುತ್ತದೆ.

ಮೊದಲ ಪ್ರಶ್ನೆ, ಈ ಪದಕ್ಕೆ ನೋಂದಣಿ ಸಿಗುತ್ತದೆಯೇ? ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಸರಕಿನ ಬಗೆ, ಗುಣ, ಬಳಕೆ, ಹುಟ್ಟಿದ ಊರು ಇಂಥದ್ದನ್ನಷ್ಟೇ ಹೇಳುವ ಪದ ಒಬ್ಬರ ಸ್ವತ್ತಾಗುವುದಿಲ್ಲ. ‘ರುಚಿ’, ‘ಸವಿ’, ‘ಮನೆ ಅಡುಗೆ’, ‘ಅಜ್ಜಿ ಕೈರುಚಿ’ ಎಂಬ ಹೆಸರುಗಳು ಕೇಳಲು ಚೆಂದ. ಆದರೆ ತಿಂಡಿ ಮಾರುವ ಪ್ರತಿಯೊಬ್ಬರೂ ಆ ಮಾತು ಹೇಳಬೇಕಾದವರೇ. ‘ಒರಳು’ ಅಂಚಿನಲ್ಲಿರುವ ಪದ. ಬಟ್ಟೆಗೆ ಅದೇ ಹೆಸರಿಟ್ಟರೆ ತಕರಾರು ಬರಲು ಕಾರಣವೇ ಇಲ್ಲ, ಬಟ್ಟೆಗೂ ಒರಳಿಗೂ ಏನು ಸಂಬಂಧ? ಪುಡಿಗೆ ಇಟ್ಟಾಗ ಮಾತ್ರ, ಒರಳಿನಲ್ಲಿ ಕುಟ್ಟಿದ್ದು ಎಂಬ ವರ್ಣನೆ ಇದು ಎಂದು ಅರ್ಜಿ ನೋಡುವ ರಿಜಿಸ್ಟ್ರಿಯ ಪರೀಕ್ಷಕರು ಹೇಳಬಹುದು. ಅದಕ್ಕೆ ಉತ್ತರವಿದೆ, ಮುಂದೆ ಬರುತ್ತದೆ. ಇನ್ನೂ ಪೊಟ್ಟಣ ಅಚ್ಚು ಹಾಕಿಸದವರಿಗೆ ನಮ್ಮ ಸಲಹೆ, ಸರಕಿನ ಬಗ್ಗೆ ಏನನ್ನೂ ಹೇಳದ ಪದ ಆರಿಸಿ. ಎರಡು ಹೆಸರುಗಳ ಅಕ್ಷರ ಕೂಡಿಸಿ ಕಟ್ಟಿದ ಪದ, ಮನೆತನದ ಅಪರೂಪದ ಹೆಸರು, ಮೊದಲಕ್ಷರಗಳು, ಯಾವುದಾದರೂ ಆದೀತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬುದು ಊರಿನ ಹೆಸರು ಮತ್ತು ಕಸುಬಿನ ವರ್ಣನೆ. ಅದರ ಮೊದಲಕ್ಷರಗಳಾದ ಎಂಟಿಆರ್ ಎಂಬುದು ಗಟ್ಟಿ ಗುರುತು. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲುಗಳು ಮಯ್ಯ ಕುಟುಂಬದಲ್ಲೇ ಉಳಿದವು. ಒಂದು ಹೆಸರಿನ ಬೇರೆ ಬೇರೆ ಬಳಕೆ ಬೇರೆ ಬೇರೆ ಸ್ವತ್ತಾಗಬಲ್ಲದು ಎಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಊರಿನ ಹೆಸರಿಗೆ ಇನ್ನೊಂದು ತೊಡಕೂ ಇದೆ. ಖಾರದ ಪುಡಿಗೆ ‘ಬ್ಯಾಡಗಿ’ ಎಂದೋ ಪೇಡಕ್ಕೆ ‘ಧಾರವಾಡ’ ಎಂದೋ ಹೆಸರಿಟ್ಟು ಒಡೆತನ ಕೇಳಿದರೆ ಅದು ಭೌಗೋಳಿಕ ಗುರುತಿನ ಕಾಯ್ದೆಗೆ ಎದುರಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಆ ಗುರುತು ಸಿಕ್ಕಿದೆ, ಧಾರವಾಡ ಪೇಡಕ್ಕೂ ಇದೆ. ಅಂಥ ಹೆಸರು ಆ ಸೀಮೆಯ ಎಲ್ಲ ಬೆಳೆಗಾರ, ತಯಾರಕರದು. ದೇವರ ಹೆಸರು, ಧರ್ಮಗ್ರಂಥದ ಹೆಸರಿನಲ್ಲೂ ಎಚ್ಚರ ಬೇಕು. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರು ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ಪವಿತ್ರ ಗ್ರಂಥದ ಹೆಸರೊಂದನ್ನೇ ಯಾರೂ ತಮ್ಮ ಸ್ವತ್ತು ಎನ್ನಲಾಗದು ಎಂದಿತು.

ಪದ ಗೊತ್ತಾದ ಮೇಲೆ ಹುಡುಕಾಟ. ರಿಜಿಸ್ಟ್ರಿಯ ಜಾಲತಾಣದಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ಕ್ಲಾಸ್ ನಂಬರು (ಸರಕು ಸೇವೆಗಳ ವಿಂಗಡಣೆಯ ನಂಬರು, ವಿವರ ಮುಂದೆ ಬರುತ್ತದೆ) ಕೊಟ್ಟು, ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಹೆಚ್ಚಿನವರು ಪದವನ್ನು ಒಂದೇ ಸಲ, ಒಂದೇ ಸ್ಪೆಲ್ಲಿಂಗ್‌ನಲ್ಲಿ ಹೊಡೆದು, ‘ಯಾವುದೂ ಇಲ್ಲ, ಹೆಸರು ಖಾಲಿ ಇದೆ’ ಎಂದು ಖುಷಿಪಡುತ್ತಾರೆ. ಕನ್ನಡ ಪದಗಳಿಗೆ ಈ ಲೆಕ್ಕ ಪೂರ್ತಿ ತಪ್ಪು. ‘ಸವಿ’ಯನ್ನು ಒಬ್ಬರು ಒಂದು ಎ ಹಾಕಿ ಬರೆಸಿರುತ್ತಾರೆ, ಇನ್ನೊಬ್ಬರು ಎರಡು ಎ, ಮತ್ತೊಬ್ಬರು ಕೊನೆಗೆ ಡಬಲ್ ಇ. ತ–ಥ, ದ–ಧ, ಶ–ಷ–ಸ, ಲ–ಳ ಇವೆಲ್ಲ ಇಂಗ್ಲಿಷಿನಲ್ಲಿ ಹೇಗೆ ಬೇಕಾದರೂ ಬಂದಿರಬಹುದು. ಹಾಗಾಗಿ ‘ಕಂಟೇನ್ಸ್’ ಎಂಬ ಆಯ್ಕೆಯಲ್ಲಿ ಪದದ ಗಟ್ಟಿ ಭಾಗವನ್ನಷ್ಟೇ ಹಾಕಿ ಒಮ್ಮೆ ಹುಡುಕಿ, ಉಚ್ಚಾರ ಹೋಲುವ ಹೆಸರು ತೋರಿಸುವ ಫೊನೆಟಿಕ್ ಆಯ್ಕೆಯಲ್ಲಿ ಇನ್ನೊಮ್ಮೆ, ಇರಬಹುದಾದ ಎಲ್ಲ ಸ್ಪೆಲ್ಲಿಂಗ್‌ಗಳಲ್ಲಿ ಮತ್ತೊಮ್ಮೆ. ಅರ್ಥವೂ ಲೆಕ್ಕಕ್ಕೆ ಬರುತ್ತದೆ. ಹಿಂದಿಯಲ್ಲಿ ಒರಳು ಎಂದೇ ಅರ್ಥವಿರುವ ‘ಓಖ್ಲಿ’ ಎಂಬ ಗುರುತು ಅದೇ ಸರಕಿಗೆ ಇದ್ದರೆ ಅದನ್ನೂ ನೋಡಿಟ್ಟುಕೊಳ್ಳಬೇಕು. ಸಿಕ್ಕ ಪ್ರತಿ ಹೆಸರಿನ ಪಕ್ಕ ಅದರ ಸ್ಥಿತಿ ಏನು, ಯಾವ ಸರಕು, ಯಾವಾಗಿನಿಂದ ಬಳಕೆ ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಆಕ್ಷೇಪ ಬಂದರೆ ಅರ್ಧ ಉತ್ತರ ಆ ಹಾಳೆಯಲ್ಲೇ ಇರುತ್ತದೆ.

ಹೋಲುವ ಹೆಸರು ಕಂಡ ಕೂಡಲೇ ಕೈಚೆಲ್ಲಬೇಕಿಲ್ಲ. ನಂದಿನಿ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿತ್ತು. ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲು 1989ರಿಂದ, ಇಂಗ್ಲಿಷಿನಲ್ಲಿ ಒಂದು ಹೆಚ್ ಸೇರಿಸಿ ದೀಪದ ಚಿತ್ರವಿಟ್ಟು, ಅದೇ ಉಚ್ಚಾರದ ಹೆಸರು ಬಳಸುತ್ತಿತ್ತು. ಹೋಟೆಲಿನವರು ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಮಹಾಮಂಡಳಿ ವಿರೋಧಿಸಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಒಂದು ಕ್ಲಾಸಿನಲ್ಲಿ ಕೆಲವು ಸರಕಿಗೆ ನೋಂದಣಿ ಇದ್ದ ಮಾತ್ರಕ್ಕೆ ಆ ಕ್ಲಾಸಿನ ಎಲ್ಲ ಸರಕಿನ ಮೇಲೂ ಏಕಸ್ವಾಮ್ಯ ಬರುವುದಿಲ್ಲ ಎಂಬುದು ಅದರ ಸಾರ. ಆದರೆ ಹಾಲು, ಹಾಲಿನ ಪದಾರ್ಥಗಳನ್ನು ಹೋಟೆಲಿನವರ ಪಟ್ಟಿಯಿಂದ ಕೈಬಿಡಬೇಕಾಯಿತು. ಇದರಿಂದ ನಮಗೆ ಎರಡು ಕೆಲಸದ ಮಾತು ಸಿಗುತ್ತವೆ. ಸರಕಿನ ಪಟ್ಟಿ ಬರೆಯುವಾಗ ಕ್ಲಾಸಿನಲ್ಲಿರುವುದನ್ನೆಲ್ಲ ತುಂಬುವುದು ಬೇಡ. ಮತ್ತು ಹೋಲುವ ಹೆಸರಿನವರ ಸರಕು ನಿಜಕ್ಕೂ ಬೇರೆಯಾಗಿದ್ದರೆ ವಾದಕ್ಕೆ ನೆಲೆ ಇದೆ.

ಕ್ಲಾಸ್ ಎಂದರೆ ಸರಕು ಸೇವೆಗಳ ವಿಂಗಡಣೆ. ಒಟ್ಟು 45, ಅದರಲ್ಲಿ 34 ಸರಕಿಗೆ, 11 ಸೇವೆಗೆ. ನಮ್ಮ ಉದಾಹರಣೆಯ ಚಟ್ನಿಪುಡಿ, ಸಾರಿನ ಪುಡಿ ಕ್ಲಾಸ್ 30ರಲ್ಲಿ ಬರುತ್ತವೆ. ಕಾಫಿಪುಡಿ, ಜೇನು, ಬೆಲ್ಲ, ಹಿಟ್ಟುಗಳೂ ಅಲ್ಲೇ. ಉಪ್ಪಿನಕಾಯಿ ಮಾತ್ರ ಕ್ಲಾಸ್ 29ಕ್ಕೆ ಹೋಗುತ್ತದೆ, ಗಾಣದ ಎಣ್ಣೆ, ತುಪ್ಪದ ಜೊತೆಗೆ. ಕೋಕಂ ಶರಬತ್ತು ಮಾಡಿದರೆ 32. ಅಗರಬತ್ತಿ 3. ಸಿದ್ಧ ಉಡುಪು 25. ಮೆಸ್ ಅಥವಾ ಕೇಟರಿಂಗ್ ನಡೆಸಿದರೆ 43, ಬೇರೆಯವರ ಸರಕನ್ನೂ ಇಟ್ಟು ಅಂಗಡಿ ನಡೆಸಿದರೆ 35. ‘ಎಲ್ಲವೂ ತಿನ್ನುವ ವಸ್ತುವೇ ಅಲ್ಲವೇ’ ಎಂದು 30ರಲ್ಲೇ ಉಪ್ಪಿನಕಾಯಿಯನ್ನೂ ಸೇರಿಸುವುದು ಬಲು ಸಾಮಾನ್ಯ ತಪ್ಪು. ಸರಕನ್ನು ಪಟ್ಟಿಯಿಂದ ತೆಗೆಯಲು ಆಮೇಲೂ ಅವಕಾಶ ಇದೆ, ಹೊಸದಾಗಿ ಸೇರಿಸಲು ಇಲ್ಲ. ಸೇರಿಸಬೇಕೆಂದರೆ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ದಿನಾಂಕ. ಎರಡು ಕ್ಲಾಸ್ ಬೇಕಿದ್ದರೆ ಒಂದೇ ಅರ್ಜಿಯಲ್ಲಿ ಕೇಳಬಹುದು, ಎರಡು ಬೇರೆ ಅರ್ಜಿಯಾಗಿಯೂ ಕೊಡಬಹುದು. ಶುಲ್ಕ ಕ್ಲಾಸಿನ ಲೆಕ್ಕದ್ದಾದ್ದರಿಂದ ಖರ್ಚು ಒಂದೇ. ನಾವು ಬೇರೆ ಬೇರೆ ಕೊಡಿ ಎನ್ನುತ್ತೇವೆ. ಉಪ್ಪಿನಕಾಯಿಯ ಮೇಲೆ ತಕರಾರು ಬಂದರೆ ಚಟ್ನಿಪುಡಿಯ ಅರ್ಜಿ ಅದಕ್ಕಾಗಿ ನಿಂತು ಕಾಯಬೇಕಾಗುವುದಿಲ್ಲ.

ಅರ್ಜಿ ಯಾರ ಹೆಸರಿನಲ್ಲಿ? ಒಬ್ಬರೇ ಮಾಲೀಕರಿರುವ ಕಸುಬಿನಲ್ಲಿ ಅರ್ಜಿದಾರರು ಆ ವ್ಯಕ್ತಿಯೇ. ಫರ್ಮಿನ ಹೆಸರನ್ನು ‘ಈ ಹೆಸರಿನಲ್ಲಿ ವ್ಯಾಪಾರ ಮಾಡುವವರು’ ಎಂದು ಜೊತೆಗೆ ಸೇರಿಸಬೇಕು. ಪಾಲುದಾರಿಕೆಯಾದರೆ ಎಲ್ಲ ಪಾಲುದಾರರ ಹೆಸರೂ ಬರಬೇಕು. ಚಟ್ನಿಪುಡಿ ಮಾಡುವವರು ಅತ್ತೆ, ಎಫ್‌ಎಸ್‌ಎಸ್‌ಎಐ ನೋಂದಣಿ ಸೊಸೆಯದು, ಜಿಎಸ್‌ಟಿ ಮಗನ ಹೆಸರಿನಲ್ಲಿ, ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅರ್ಜಿ ಅತ್ತೆಯ ಹೆಸರಿನಲ್ಲಿ, ಬಿಲ್ಲುಗಳು ಮಗನ ಹೆಸರಿನಲ್ಲಿ ಇದ್ದರೆ ‘ಬಳಸಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಬಿಲ್ಲು ಯಾರ ಹೆಸರಿನಲ್ಲಿ ಹರಿಯುತ್ತಿದೆಯೋ ಅವರೇ ಅರ್ಜಿ ಹಾಕಬೇಕು, ಇಲ್ಲವೇ ಮೊದಲೇ ಮನೆಯವರ ನಡುವೆ ಬರವಣಿಗೆಯಲ್ಲಿ ಒಪ್ಪಂದ ಆಗಬೇಕು. ನೋಂದಣಿ ಆದ ಮೇಲೆ ಹೆಸರನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಟಿಎಂ-ಪಿ ಫಾರಂ ಇದೆ. ಅದಕ್ಕೆ ಆನ್‌ಲೈನ್ ಶುಲ್ಕವೇ 9,000 ರೂಪಾಯಿ.

ಇನ್ನು ಗುರುತಿನ ರೂಪ. ಬರೀ ಪದಕ್ಕೆ ಕೇಳಬಹುದು, ಲೋಗೊ ಅಥವಾ ಲೇಬಲ್‌ಗೂ ಕೇಳಬಹುದು. ಲೋಗೊ ಬೇಗ ಪಾಸಾಗುತ್ತದೆ ಎಂದು ಅನೇಕ ಏಜೆಂಟರು ಅತ್ತ ತಳ್ಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಒರಳಿನ ಚಿತ್ರ, ಎರಡು ಮೆಣಸಿನಕಾಯಿ, ಕೆಳಗೆ ‘ಶುದ್ಧ ಮನೆ ಚಟ್ನಿಪುಡಿ’ ಎಂದಿರುವ ಲೇಬಲ್ ನೋಂದಣಿಯಾದರೆ ಸೆಕ್ಷನ್ 17ರ ಪ್ರಕಾರ ಹಕ್ಕು ಇರುವುದು ಇಡೀ ಲೇಬಲ್ ಮೇಲೆ. ಅದರೊಳಗಿನ ಸಾಮಾನ್ಯ ಪದಗಳ ಮೇಲೆ ಇಲ್ಲ. ಸರ್ಟಿಫಿಕೇಟ್ ಹಿಡಿದು ಇನ್ನೊಬ್ಬರ ‘ಮನೆ ಚಟ್ನಿಪುಡಿ’ ನಿಲ್ಲಿಸಲು ಹೊರಟವರಿಗೆ ಈ ವಿಷಯ ತಿಳಿಯುವುದು ತಡವಾಗಿ. ಒಂದೇ ಅರ್ಜಿಗೆ ದುಡ್ಡಿದ್ದರೆ, ಪದ ಗಟ್ಟಿಯಾಗಿದ್ದರೆ, ಪದಕ್ಕೇ ಹಾಕಿ. ಲೋಗೊ ಹಾಕುವುದಾದರೆ ಕಪ್ಪುಬಿಳುಪಿನಲ್ಲಿ ಕೊಡುವುದು ಲೇಸು. ಬಣ್ಣ ಮಿತಿಗೊಳಿಸದ ಗುರುತು ಎಲ್ಲ ಬಣ್ಣಗಳಿಗೂ ನೋಂದಣಿಯಾದ ಲೆಕ್ಕ. ಚಿತ್ರ 8 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಎತ್ತರ ಮೀರಬಾರದು.

ಕನ್ನಡ ಲಿಪಿಯ ಮಾತು ಇಲ್ಲೇ ಬರಬೇಕು. ನಮ್ಮಲ್ಲಿ ನಾಮಫಲಕದ ಶೇಕಡ 60ರಷ್ಟು ಕನ್ನಡದಲ್ಲಿರಬೇಕು ಎಂಬ ಕಾನೂನಿದೆ. ಅಂದರೆ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಕನ್ನಡದ ‘ಒರಳು’. ಆ ಲಿಪಿಯಲ್ಲಿಯೇ ಅರ್ಜಿ ಹಾಕಬಹುದು, ಯಾವ ಅಡ್ಡಿಯೂ ಇಲ್ಲ. ಆದರೆ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಇದ್ದರೆ ಪದದ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಟ್ಟು, ಭಾಷೆ ಕನ್ನಡ ಎಂದು ಹೇಳಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ಓ, ಆರ್, ಎ, ಎಲ್, ಯು ಎಂದು ಬರೆದರೆ ಕನ್ನಡ ಬಾರದವರು ಮೊದಲ ನಾಲ್ಕು ಅಕ್ಷರವನ್ನು ‘ಓರಲ್’ ಎಂದೇ ಓದುತ್ತಾರೆ, ಬಾಯಿಗೆ ಸಂಬಂಧಿಸಿದ್ದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಕಲ್ಲಿನ ಒರಳು ಎಂಬ ಅರ್ಥವನ್ನು ಬರೆಯದಿದ್ದರೆ ಕೇಳಿ ಪತ್ರ ಬರುತ್ತದೆ, ತಿಂಗಳು ಕಳೆಯುತ್ತದೆ. ಎರಡನೆಯದು, ಅರ್ಥಕ್ಕೆ ಬಣ್ಣ ಹಚ್ಚುವುದು. ‘ಒರಳು ಎಂದರೆ ಪರಂಪರೆಯ ರುಚಿ’ ಎಂದು ಬರೆದವರು ತಮ್ಮ ಪದವನ್ನು ತಾವೇ ವರ್ಣನೆ ಮಾಡಿಬಿಟ್ಟ ಹಾಗಾಯಿತು. ನಿಘಂಟಿನ ಅರ್ಥ ಕೊಡಿ, ಅಷ್ಟು ಸಾಕು.

ಇಡೀ ಅರ್ಜಿಯಲ್ಲಿ ಅತಿ ಹೆಚ್ಚು ತೂಕದ ಸಾಲು ಬಳಕೆಯ ದಿನಾಂಕ. ಎರಡೇ ಆಯ್ಕೆ: ‘ಬಳಸಲು ಉದ್ದೇಶಿಸಲಾಗಿದೆ’ ಅಥವಾ ‘ಇಂಥ ದಿನದಿಂದ ಬಳಕೆಯಲ್ಲಿದೆ’. ಈ ಕಾಯ್ದೆಯಲ್ಲಿ ಮೊದಲು ಬಳಸಿದವರಿಗೆ ಮೊದಲ ಮಣೆ. ಸೆಕ್ಷನ್ 34ರ ಪ್ರಕಾರ, ನಿಮಗಿಂತ ಮೊದಲಿನಿಂದ ನಿರಂತರ ಬಳಸುತ್ತ ಬಂದವರನ್ನು ನಿಮ್ಮ ನೋಂದಣಿ ತಡೆಯಲಾರದು. ಆರು ವರ್ಷದಿಂದ ಮಾರುತ್ತಿರುವವರ ಅರ್ಜಿಯಲ್ಲಿ ‘ಉದ್ದೇಶಿಸಲಾಗಿದೆ’ ಎಂದು ಹಾಕಿದರೆ ಆ ಆರು ವರ್ಷವನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಹಾಗೇಕೆ ಹಾಕುತ್ತಾರೆ? ಬಳಕೆಯ ದಿನಾಂಕ ಹೇಳಿದರೆ ನೋಟರಿ ಮಾಡಿಸಿದ ಅಫಿಡವಿಟ್ ಬೇಕು, ದಾಖಲೆ ಬೇಕು. ಅಗ್ಗದ ಪ್ಯಾಕೇಜಿನಲ್ಲಿ ಅರ್ಧ ಗಂಟೆಗೆ ಒಂದು ಅರ್ಜಿ ಮುಗಿಸುವವರಿಗೆ ಅಷ್ಟು ಪುರುಸೊತ್ತಿಲ್ಲ. ನಿಮ್ಮನ್ನು ಕೇಳದೆಯೇ ಆ ಗುಂಡಿ ಒತ್ತಿರುತ್ತಾರೆ. ಸಲ್ಲಿಸುವ ಮೊದಲು ಕರಡನ್ನು ತರಿಸಿಕೊಂಡು ಈ ಸಾಲನ್ನು ನೀವೇ ಓದಿ. ಆಮೇಲೆ ತಿದ್ದಿಸುವುದು ಬಲು ಕಷ್ಟ.

ದಾಖಲೆ ಎಂದರೆ ಎಂಥದ್ದು? ಒಂದು ಹಳೆಯ ಬಿಲ್ ತೆಗೆದು ನೋಡಿ. ‘ಶೇಂಗಾ ಚಟ್ನಿಪುಡಿ 200 ಗ್ರಾಂ, 10 ಪೊಟ್ಟಣ’ ಎಂದಿದೆ, ದಿನಾಂಕವಿದೆ, ಮೊತ್ತವಿದೆ. ‘ಒರಳು’ ಎಲ್ಲಿ? ಇಲ್ಲ. ಈ ಬಿಲ್ ನೀವು ಚಟ್ನಿಪುಡಿ ಮಾರಿದಿರಿ ಎಂಬುದಕ್ಕೆ ಪುರಾವೆ, ಆ ಹೆಸರಿನಲ್ಲಿ ಮಾರಿದಿರಿ ಎಂಬುದಕ್ಕೆ ಅಲ್ಲ. ಹೆಸರೂ ದಿನಾಂಕವೂ ಒಂದೇ ಕಾಗದದಲ್ಲಿ ಇರಬೇಕು. ಇವತ್ತಿನಿಂದಲೇ ಬಿಲ್ ಪುಸ್ತಕದ ತಲೆಯಲ್ಲೂ ಸರಕಿನ ಸಾಲಿನಲ್ಲೂ ಹೆಸರು ಬರುವಂತೆ ಮಾಡಿಸಿ. ಹಳೆಯ ಕಾಲಕ್ಕೆ ಬೇರೆ ಕಡೆ ಹುಡುಕಬೇಕು. ಪೊಟ್ಟಣ ಅಥವಾ ಸ್ಟಿಕ್ಕರ್ ಅಚ್ಚು ಮಾಡಿಕೊಟ್ಟ ಪ್ರೆಸ್ಸಿನ ಬಿಲ್, ಆಹಾರ ಮೇಳದಲ್ಲಿ ಮಳಿಗೆ ಹಾಕಿದ ರಸೀದಿ, ಪತ್ರಿಕೆಯಲ್ಲಿ ಬಂದ ಜಾಹೀರಾತು, ದಿನಾಂಕ ಕಾಣುವ ಫೇಸ್‌ಬುಕ್ ಪೋಸ್ಟು, ಅಂಗಡಿಯವರು ಹೆಸರು ಹೇಳಿ ಆರ್ಡರ್ ಕೊಟ್ಟ ವಾಟ್ಸಾಪ್ ಸಂದೇಶ. ಥರ್ಮಲ್ ಪ್ರಿಂಟರಿನ ಬಿಲ್ಲುಗಳು ಒಂದೆರಡು ವರ್ಷದಲ್ಲಿ ಮಾಸಿ ಬರೀ ಬಿಳಿ ಚೀಟಿಯಾಗುತ್ತವೆ, ಬಂದ ವಾರವೇ ಸ್ಕ್ಯಾನ್ ಮಾಡಿಡಿ. ವರ್ಷಕ್ಕೆ ಎರಡು ಮೂರಾದರೂ ಇರಲಿ, ನಡುವೆ ಕಂದರ ಕಾಣಬಾರದು. ದಿನಾಂಕವನ್ನು ನೆನಪಿನಿಂದ ಬರೆಯಬೇಡಿ. 2017ರಲ್ಲಿ ಶುರು ಮಾಡಿದ್ದೆವು ಎಂಬುದು ನಿಜವೇ ಇರಬಹುದು. ಕೈಯಲ್ಲಿರುವ ಅತಿ ಹಳೆಯ ಕಾಗದ 2019ರ ಜನವರಿ 14ರದಾದರೆ ಅರ್ಜಿಯಲ್ಲಿ ಆ ದಿನವೇ ಇರಲಿ. ಅಫಿಡವಿಟ್ ಎಂಬುದು ಪ್ರಮಾಣ ಮಾಡಿ ಹೇಳುವ ಮಾತು. ಮುಂದೆ ವಿರೋಧ ಬಂದಾಗ ಎದುರಿನವರು ಮೊದಲು ಕೆದಕುವುದು ಅದನ್ನೇ.

ಅರ್ಜಿ ಸಲ್ಲಿಸುವುದು ಇದಕ್ಕೆ ಹೋಲಿಸಿದರೆ ಸುಲಭ. ಫಾರಂ ಟಿಎಂ-ಎ. ವ್ಯಕ್ತಿ, ಸ್ಟಾರ್ಟ್‌ಅಪ್, ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಕಾಗದದಲ್ಲಿ ಕೊಟ್ಟರೆ 5,000 ಮತ್ತು 10,000. ಪಾಲುದಾರಿಕೆಯೋ ಕಂಪನಿಯೋ ಆಗಿದ್ದು 4,500 ಕಟ್ಟಿದವರು ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಲೇಬೇಕು. ಮರೆತರೆ ಶುಲ್ಕ ಕಡಿಮೆ ಬಿದ್ದಿದೆ ಎಂಬ ನೋಟಿಸ್ ಬರುತ್ತದೆ. ಏಜೆಂಟ್ ಅಥವಾ ವಕೀಲರ ಮೂಲಕ ಹೋದರೆ ಅಧಿಕಾರ ಪತ್ರಕ್ಕೆ ಸಹಿ ಮಾಡಬೇಕು. ಏಜೆಂಟರೇ ಮಾಡಲಿ, ಅರ್ಜಿ ನಂಬರು ಮತ್ತು ಸಲ್ಲಿಸಿದ ಅರ್ಜಿಯ ಪ್ರತಿ ನಿಮ್ಮ ಕೈಗೆ ಬರಲಿ. ಅವತ್ತಿನಿಂದ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಆದ ಮೇಲೆಯೇ. ನೋಂದಣಿಯಾಗದ ಹೆಸರಿಗೆ ಅದನ್ನು ಹಾಕುವುದು ಸೆಕ್ಷನ್ 107ರ ಪ್ರಕಾರ ದಂಡಾರ್ಹ. ಚೆಂದ ಕಾಣುತ್ತದೆಂದು ಡಿಸೈನರ್ ಹಾಕಿಬಿಟ್ಟಿರುತ್ತಾರೆ, ಅಚ್ಚಿಗೆ ಕೊಡುವ ಮುಂಚೆ ಪೊಟ್ಟಣವನ್ನು ಕಣ್ಣಿಟ್ಟು ನೋಡಿ.

ಆಮೇಲೆ ಕಾಯುವ ಕೆಲಸ. ಅರ್ಜಿ ನಂಬರು ಹಾಕಿ ಹದಿನೈದು ದಿನಕ್ಕೊಮ್ಮೆ ಸ್ಥಿತಿ ನೋಡಿ. ‘ಫಾರ್ಮಾಲಿಟೀಸ್ ಚೆಕ್ ಪಾಸ್’, ‘ಮಾರ್ಕ್ಡ್ ಫಾರ್ ಎಗ್ಸಾಮ್’ ಎಂದು ಬದಲಾಗುತ್ತ ಹೋಗುತ್ತದೆ. ಒಂದು ದಿನ ಕೆಂಪಾಗಿ ‘ಆಬ್ಜೆಕ್ಟೆಡ್’ ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ. ಹೆದರಬೇಕಿಲ್ಲ, ಪರೀಕ್ಷಕರು ಪ್ರಶ್ನೆ ಕೇಳಿದ್ದಾರೆ ಎಂದಷ್ಟೇ ಅದರ ಅರ್ಥ. ‘ಅಪೋಸ್ಡ್’ ಎಂಬುದು ಬೇರೆಯೇ ಸಂಗತಿ, ಅದು ಹೊರಗಿನವರ ವಿರೋಧ. ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಕೈಬಿಟ್ಟವರಿದ್ದಾರೆ.

ಪರೀಕ್ಷಾ ವರದಿ ಇಮೇಲ್‌ಗೆ ಬರುತ್ತದೆ. ನಿಯಮದ ಪ್ರಕಾರ ಇಮೇಲ್ ಕಳಿಸಿದ ಹೊತ್ತೇ ತಲುಪಿದ ಹೊತ್ತು. ಅಲ್ಲಿಂದ ಒಂದು ತಿಂಗಳೊಳಗೆ ಉತ್ತರ ಹೋಗಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಿದ್ದೀರಿ ಎಂದು ತೀರ್ಮಾನಿಸಬಹುದು. ಸತ್ತ ಅರ್ಜಿಗಳಲ್ಲಿ ನಾವು ಅತಿ ಹೆಚ್ಚು ಕಂಡ ಕಾರಣ ಇದೇ. ವರದಿ ಏಜೆಂಟರ ಇಮೇಲ್‌ಗೆ ಹೋಗಿರುತ್ತದೆ, ಏಜೆಂಟರು ನಂಬರು ಬದಲಾಯಿಸಿರುತ್ತಾರೆ.

ಆಕ್ಷೇಪ ಸೆಕ್ಷನ್ 11ರದಾದರೆ, ಅಂದರೆ ಹೋಲುವ ಹೆಸರುಗಳಿವೆ ಎಂದಾದರೆ, ವರದಿಯಲ್ಲಿ ಆ ಹೆಸರುಗಳ ಪಟ್ಟಿ ಇರುತ್ತದೆ. ಒಂದೊಂದನ್ನೂ ತೆರೆದು ನೋಡಿ. ಕೆಲವು ಆಗಲೇ ತಿರಸ್ಕೃತವಾಗಿರುತ್ತವೆ, ಕೆಲವು ನವೀಕರಣವಾಗದೆ ಹೊರಬಿದ್ದಿರುತ್ತವೆ. ಅವನ್ನು ತೋರಿಸಿದರೆ ಆ ಆಕ್ಷೇಪ ಬಿಡಬೇಕಾಗುತ್ತದೆ. ಉಳಿದವುಗಳಿಗೆ ಸರಕು ಬೇರೆ, ಉಚ್ಚಾರ ಬೇರೆ, ನಮ್ಮ ಬಳಕೆ ಮೊದಲಿನದು ಎಂದು ಹೆಸರಿಗೊಂದು ಪ್ಯಾರಾ ಬರೆಯಬೇಕು. ಯಾವುದೋ ಅರ್ಜಿಯ ಉತ್ತರವನ್ನು ಹಾಗೇ ಅಂಟಿಸಿದರೆ ವಿಚಾರಣೆಗೆ ಹೋಗುವುದು ಖಚಿತ. ಸೆಕ್ಷನ್ 9ರ ಆಕ್ಷೇಪಕ್ಕೆ ನಮ್ಮ ‘ಒರಳು’ ಕೊಡುವ ಉತ್ತರ ಹೀಗಿರಬಹುದು: ಒರಳು ಒಂದು ಕಲ್ಲಿನ ಸಾಧನ, ಪುಡಿಯ ಹೆಸರಲ್ಲ. ಅಂಗಡಿಗೆ ಹೋಗಿ ‘ಕಾಲು ಕೇಜಿ ಒರಳು ಕೊಡಿ’ ಎಂದರೆ ಯಾರೂ ಚಟ್ನಿಪುಡಿ ಕೊಡುವುದಿಲ್ಲ. ಪದ ಸರಕನ್ನು ನೇರವಾಗಿ ಹೇಳುವುದಿಲ್ಲ, ಯೋಚಿಸಿದರೆ ಮಾತ್ರ ಸಂಬಂಧ ಹೊಳೆಯುತ್ತದೆ. ಜೊತೆಗೆ, ಅರ್ಜಿಗೆ ಮೊದಲೇ ಬಳಕೆಯಿಂದ ಗುರುತಾಗಿ ಬೆಳೆದ ಪದಕ್ಕೆ ಸೆಕ್ಷನ್ 9 ವಿನಾಯಿತಿ ಕೊಡುತ್ತದೆ. ಹಳೆಯ ಬಿಲ್ಲು, ವರ್ಷವಾರು ಮಾರಾಟದ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತವೆ.

ಉತ್ತರ ಸಾಲದಿದ್ದರೆ ವಿಚಾರಣೆ. ವಿಡಿಯೊ ಮೂಲಕ ನಡೆಯುತ್ತದೆ, ಒಂದು ಅರ್ಜಿಗೆ ಕೆಲವೇ ನಿಮಿಷ. ಅಧಿಕಾರಿ ಕೇಳುವುದು ಹೆಚ್ಚೆಂದರೆ ಎರಡು ಪ್ರಶ್ನೆ, ಉತ್ತರ ನಾಲಿಗೆಯ ತುದಿಯಲ್ಲಿರಬೇಕು. ಅಂದು ಆಗದಿದ್ದರೆ ಟಿಎಂ-ಎಂ ಫಾರಂನಲ್ಲಿ 900 ರೂಪಾಯಿ ಕಟ್ಟಿ ಮುಂದೂಡಲು ಕೇಳಬಹುದು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅರ್ಜಿ ಬಿದ್ದುಹೋಗುತ್ತದೆ. ತಿರಸ್ಕಾರವಾದರೆ ಮೂರು ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಇದಕ್ಕೆಂದೇ ಇದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿದೆ.

ಒಪ್ಪಿಗೆಯಾದ ಹೆಸರು ಸೋಮವಾರ ಸೋಮವಾರ ಹೊರಡುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ವಿರೋಧದ ನೋಟಿಸ್ ಕೈಸೇರಿದ ಎರಡು ತಿಂಗಳೊಳಗೆ ನಿಮ್ಮ ಪ್ರತಿಹೇಳಿಕೆ ಹೋಗಲೇಬೇಕು. ಈ ಗಡುವಿಗೆ ರಿಯಾಯಿತಿ ಇಲ್ಲ, ತಪ್ಪಿದರೆ ಅರ್ಜಿ ಅಲ್ಲಿಗೆ ಮುಗಿಯಿತು. ದೊಡ್ಡ ಸಂಸ್ಥೆಯ ವಕೀಲರ ನೋಟಿಸ್ ನೋಡಿ ಸುಮ್ಮನಾಗಬೇಡಿ. ಅವರ ಆತಂಕ ಒಂದೆರಡು ಸರಕಿನ ಬಗ್ಗೆ ಮಾತ್ರ ಇದ್ದರೆ ಅವನ್ನು ಪಟ್ಟಿಯಿಂದ ಬಿಟ್ಟು ರಾಜಿಯಾಗಬಹುದು. ರಾಜಿಯಾಗದೆ ಸಾಕ್ಷ್ಯ, ಮರುಸಾಕ್ಷ್ಯ ಎಂದು ಹೋದರೆ ವರ್ಷಗಳೇ ಹಿಡಿಯುತ್ತವೆ, ಇಲ್ಲಿ ಮಾತ್ರ ಒಳ್ಳೆಯ ವಕೀಲರಿಗೆ ದುಡ್ಡು ಖರ್ಚು ಮಾಡುವುದು ಸಾರ್ಥಕ. ಇದೇ ಹೊತ್ತಿನಲ್ಲಿ ಇನ್ನೊಂದು ಬಗೆಯ ಪತ್ರಗಳೂ ಬರುತ್ತವೆ. ‘ಅಂತರರಾಷ್ಟ್ರೀಯ ನೋಂದಣಿ ಪುಸ್ತಕ’ಕ್ಕೆ ಇಷ್ಟು ಕಟ್ಟಿ, ಸರ್ಟಿಫಿಕೇಟ್ ಬಿಡುಗಡೆಗೆ ಅಷ್ಟು ಕಳಿಸಿ ಎಂದು. ನಿಮ್ಮ ವಿಳಾಸ ಜರ್ನಲ್‌ನಲ್ಲಿ ಎಲ್ಲರಿಗೂ ಕಾಣುವುದರಿಂದ ಬರುವ ವಂಚನೆ ಅದು. ರಿಜಿಸ್ಟ್ರಿಯ ಶುಲ್ಕ ಕಟ್ಟುವುದು ಅದರ ಪೋರ್ಟಲಿನಲ್ಲಿ, ಯಾರದೋ ಖಾತೆಗಲ್ಲ. ಸರ್ಟಿಫಿಕೇಟಿಗೆ ಬೇರೆ ಶುಲ್ಕವೂ ಇಲ್ಲ.

ವಿರೋಧವಿಲ್ಲದೆ ನಾಲ್ಕು ತಿಂಗಳು ಕಳೆದರೆ ಸರ್ಟಿಫಿಕೇಟ್ ಆನ್‌ಲೈನಿನಲ್ಲೇ ಬರುತ್ತದೆ. ಇನ್ನು ವೃತ್ತದೊಳಗಿನ ಆರ್ ಹಾಕಬಹುದು. ಆದರೆ ನೋಂದಾಯಿಸಿದ ರೂಪದಲ್ಲೇ ಹೆಸರನ್ನು ಬಳಸುತ್ತಿರಬೇಕು. ಸತತ ಐದು ವರ್ಷ, ಅದರ ಮೇಲೆ ಮೂರು ತಿಂಗಳು ಬಳಸದೆ ಬಿಟ್ಟರೆ ತೆಗೆದುಹಾಕಿ ಎಂದು ಬೇರೆಯವರು ಕೇಳಬಹುದು. ಲೋಗೊ ಪೂರ್ತಿ ಬದಲಾದರೆ ಹೊಸದಕ್ಕೆ ಹೊಸ ಅರ್ಜಿ ಬೇಕು.

ಅವಧಿ ಹತ್ತು ವರ್ಷ, ಲೆಕ್ಕ ಶುರುವಾಗುವುದು ಸರ್ಟಿಫಿಕೇಟ್ ಬಂದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. 2024ರ ಜೂನ್ 10ರಂದು ಅರ್ಜಿ ಹಾಕಿ 2026ರಲ್ಲಿ ಸರ್ಟಿಫಿಕೇಟ್ ಸಿಕ್ಕರೂ ಅವಧಿ ಮುಗಿಯುವುದು 2034ರ ಜೂನ್‌ನಲ್ಲೇ. ಅದಕ್ಕೆ ಒಂದು ವರ್ಷ ಮೊದಲಿನಿಂದ ಟಿಎಂ-ಆರ್ ಫಾರಂನಲ್ಲಿ ನವೀಕರಿಸಬಹುದು, ಆನ್‌ಲೈನ್ ಶುಲ್ಕ ಕ್ಲಾಸಿಗೆ 9,000. ಇಲ್ಲಿ ಸಣ್ಣ ಉದ್ಯಮಕ್ಕೆಂದು ರಿಯಾಯಿತಿ ಇಲ್ಲ. ಅವಧಿ ಮುಗಿದು ಆರು ತಿಂಗಳವರೆಗೆ 4,500 ಹೆಚ್ಚುವರಿ ಕಟ್ಟಿ ಉಳಿಸಿಕೊಳ್ಳಬಹುದು. ಅದೂ ದಾಟಿದರೆ, ಅವಧಿ ಮುಗಿದ ಒಂದು ವರ್ಷದೊಳಗೆ ಪುನಃಸ್ಥಾಪನೆಗೆ ಕೇಳಬೇಕು, ಶುಲ್ಕ ಬೇರೆ. ನವೀಕರಣ ನೆನಪಿಸುವ ನೋಟಿಸು ಹೋಗುವುದು ಅರ್ಜಿಯಲ್ಲಿ ಕೊಟ್ಟ ವಿಳಾಸ ಮತ್ತು ಇಮೇಲ್‌ಗೆ. ಹತ್ತು ವರ್ಷದಲ್ಲಿ ಮನೆ ಬದಲಾಗಿರುತ್ತದೆ, ಏಜೆಂಟರು ಕಸುಬು ಬಿಟ್ಟಿರುತ್ತಾರೆ, ಇಮೇಲ್‌ನ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಬದಲಾದಾಗಲೆಲ್ಲ ರಿಜಿಸ್ಟ್ರಿಯಲ್ಲೂ ಬದಲಾಯಿಸಿ, ಮತ್ತು ನವೀಕರಣದ ತಾರೀಖನ್ನು ಪ್ರತಿ ವರ್ಷದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಯುತ್ತ ಬನ್ನಿ.